ಕೀ ಕೊಡದ ವಾಚು, ಬಣ್ಣ ಬಳಿಯದ ಮುಖ

ವಿಯೆಟ್ನಾಮಿನ ಕೊನೆಯ ಚಕ್ರವರ್ತಿ ಬಾವೊ ದಾಯ್ 1954ರಲ್ಲಿ ಜಿನೀವಾದಲ್ಲಿದ್ದ. ಅವನ ದೇಶವನ್ನು ಏನು ಮಾಡಬೇಕೆಂದು ದೊಡ್ಡ ರಾಷ್ಟ್ರಗಳು ಅಲ್ಲಿ ಸಭೆ ಸೇರಿದ್ದವು. ಆ ದಿನಗಳಲ್ಲೇ ಅವನು ರೋಲೆಕ್ಸ್ ಕೈಗಡಿಯಾರವೊಂದನ್ನು ಕೊಂಡ. ಚಿನ್ನದ ಕೇಸು, ಕಪ್ಪು ಡಯಲ್, ಕೆಲವು ಅಂಕಿಗಳ ಜಾಗದಲ್ಲಿ ವಜ್ರದ ಹರಳು. ವಾರ, ತಾರೀಖು, ತಿಂಗಳ ಜೊತೆಗೆ ಚಂದ್ರನ ವೃದ್ಧಿ ಕ್ಷಯಗಳನ್ನೂ ತೋರಿಸುವ ಯಂತ್ರ. ಸಭೆ ಮುಗಿಯುವಷ್ಟರಲ್ಲಿ ದೇಶ ಎರಡು ತುಂಡಾಗಿತ್ತು. ಮರುವರ್ಷ ಅವನ ಪದವಿಯೂ ಹೋಯಿತು. ವಾಚು ಮಾತ್ರ ಉಳಿಯಿತು. 2002ರ ಹರಾಜಿನಲ್ಲಿ ಅದಕ್ಕೆ ಬಂದ ಬೆಲೆ ಸುಮಾರು 2.35 ಲಕ್ಷ ಡಾಲರ್. 2017ರ ಮೇ ತಿಂಗಳಲ್ಲಿ ಅದು ಜಿನೀವಾದಲ್ಲೇ ಮತ್ತೆ ಹರಾಜಿಗೆ ಬಂದಾಗ 50 ಲಕ್ಷ ಡಾಲರ್ ದಾಟಿತು.

ಅದರಲ್ಲಿರುವ ಚಿನ್ನವನ್ನೂ ವಜ್ರವನ್ನೂ ತೂಗಿ ನೋಡಿದರೆ ಈ ಬೆಲೆಯ ಒಂದು ಮೂಲೆಯೂ ತುಂಬುವುದಿಲ್ಲ. ಸಮಯ ನೋಡುವ ಮಾತಾದರೆ, ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ಹರಡಿಕೊಂಡು ಮಾರುವ ಕ್ವಾರ್ಟ್ಜ್ ವಾಚು ಇದಕ್ಕಿಂತ ಸರಿಯಾದ ಸಮಯ ತೋರಿಸುತ್ತದೆ. ಚಕ್ರವರ್ತಿಯ ಕೈಯಲ್ಲಿತ್ತು ಎಂಬ ಕಥೆಗೆ ಬೆಲೆಯಿದೆ, ನಿಜ. ಆದರೆ ಹೆಸರಿಲ್ಲದ ಯಾರೋ ಗುಮಾಸ್ತನ ಕೈಯಲ್ಲಿದ್ದ 1950ರ ದಶಕದ ಒಮೆಗಾಕ್ಕೂ ಇಂದು ಸಂಗ್ರಾಹಕರು ಮುಗಿಬೀಳುತ್ತಾರೆ. ಒಂದೇ ವರ್ಷ, ಒಂದೇ ಕಾರ್ಖಾನೆಯಲ್ಲಿ ತಯಾರಾದ ಎರಡು ವಾಚುಗಳಲ್ಲಿ ಮಿರಮಿರ ಮಿಂಚುವುದಕ್ಕೆ ಕಡಿಮೆ ಬೆಲೆ, ಮುಖ ಮಾಸಿ ಹಳದಿಗಟ್ಟಿದ್ದಕ್ಕೆ ಹೆಚ್ಚು ಬೆಲೆ ಬರುವುದು ಈ ಲೋಕದ ಮಾಮೂಲಿ ಸಂಗತಿ. ಹೊರಗಿನವರಿಗೆ ಇದು ಹಣವಂತರ ಹುಚ್ಚಿನಂತೆ ಕಾಣುತ್ತದೆ. ಸ್ವಲ್ಪ ಹುಚ್ಚು ಇರುವುದೂ ಹೌದು. ಆದರೆ ಅದರ ಅಡಿಯಲ್ಲಿ ಗಟ್ಟಿಯಾದ ಭೌತವಿಜ್ಞಾನ, ರಸಾಯನವಿಜ್ಞಾನ ಎರಡೂ ಇವೆ. ಹಳೆಯ ಸ್ವಿಸ್ ಆಟೊಮ್ಯಾಟಿಕ್ ವಾಚನ್ನು ಅರಿತವರು ಕೊಳ್ಳುವಾಗ ನೋಡುವುದು ಅದರ ಲೋಹ, ಬಣ್ಣ, ಎಣ್ಣೆಗಳು ಎಪ್ಪತ್ತು ವರ್ಷ ಹೇಗೆ ಮುಪ್ಪಾಗಿವೆ ಎಂಬುದನ್ನು. ಮುಪ್ಪನ್ನು ಕೃತಕವಾಗಿ ತರುವುದು ಬಲು ಕಷ್ಟ.

ಮೊದಲು ಯಂತ್ರವನ್ನು ನೋಡೋಣ.

ಕೀ ಕೊಡುವ ವಾಚಿನಲ್ಲಿ ನಾವು ಬೆರಳಿನಿಂದ ಗುಂಡಿ ತಿರುಗಿಸಿ ಒಳಗಿನ ಉಕ್ಕಿನ ಪಟ್ಟಿಯನ್ನು ಸುತ್ತುತ್ತೇವೆ. ಅದು ಬಿಚ್ಚಿಕೊಳ್ಳುತ್ತಾ ಚಕ್ರಗಳನ್ನು ನಡೆಸುತ್ತದೆ. ಆಟೊಮ್ಯಾಟಿಕ್‌ನಲ್ಲಿ ಈ ಕೆಲಸವನ್ನು ತೊಟ್ಟವರ ಕೈಯ ಚಲನೆಯೇ ಮಾಡುತ್ತದೆ. ಕಲ್ಪನೆ ಹೊಸದೇನಲ್ಲ. ಸ್ವಿಟ್ಜರ್ಲೆಂಡಿನ ಲ ಲೋಕ್ಲ್ ಊರಿನ ಅಬ್ರಹಾಂ ಲೂಯಿ ಪೆರ್ಲೆ 1770ರ ದಶಕದಲ್ಲೇ ತಾನಾಗಿ ಸುತ್ತಿಕೊಳ್ಳುವ ಜೇಬುಗಡಿಯಾರ ಮಾಡಿದ್ದ. ಹದಿನೈದು ನಿಮಿಷ ನಡೆದರೆ ಅದು ಎಂಟು ದಿನ ಓಡುತ್ತದೆ ಎಂದು 1777ರಲ್ಲಿ ಜಿನೀವಾದ ಕಲಾ ಸಂಘದ ವರದಿ ಹೇಳಿತು. ಪೂರ್ತಿ ಸುತ್ತು ತಿರುಗುವ ರೋಟರಿನ ಗೌರವ ಪೆರ್ಲೆಗೆ ಸಲ್ಲಬೇಕೋ, ಅದೇ ಕಾಲದಲ್ಲಿ ಲಿಯೇಜ್ ಊರಿನಲ್ಲಿದ್ದ ಯೂಬೇರ್ ಸಾರ್ತೋನಿಗೆ ಸಲ್ಲಬೇಕೋ ಎಂದು ಇತಿಹಾಸಕಾರರು ಇಂದಿಗೂ ಜಗಳವಾಡುತ್ತಾರೆ. ಯಾರೇ ಗೆದ್ದರೂ ಆ ಗಡಿಯಾರಕ್ಕೆ ಹೆಚ್ಚು ಗಿರಾಕಿಗಳು ಬರಲಿಲ್ಲ. ಕಾರಣ ಸರಳ: ಜೇಬಿನಲ್ಲಿ ವಸ್ತು ನೆಟ್ಟಗೆ ನಿಂತಿರುತ್ತದೆ. ಅದಕ್ಕೆ ಬೇಕಾದಷ್ಟು ಓಲಾಟ ಸಿಗುವುದು ಮಣಿಕಟ್ಟಿನ ಮೇಲೆ. ಗಡಿಯಾರ ಮಣಿಕಟ್ಟಿಗೆ ಏರಲು ಒಂದು ಮಹಾಯುದ್ಧವೇ ಬೇಕಾಯಿತು. ಕಂದಕದಲ್ಲಿ ಕುಳಿತ ಸೈನಿಕನಿಗೆ ಜೇಬಿಗೆ ಕೈಹಾಕುವ ಪುರುಸೊತ್ತಿರಲಿಲ್ಲ.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ತೊಡೆಯಬೇಕು. ಕೀ ಕೊಡಲು ಸೋಮಾರಿತನ ಮಾಡುವವರಿಗಾಗಿ ಆಟೊಮ್ಯಾಟಿಕ್ ಕೈಗಡಿಯಾರ ಹುಟ್ಟಿತು ಎಂದೇ ಹೆಚ್ಚಿನವರು ತಿಳಿದಿದ್ದಾರೆ. ಅದು ಹುಟ್ಟಿದ್ದು ಧೂಳಿನ ಕಾಟಕ್ಕೆ. ಬ್ರಿಟನ್ನಿನ ವಾಚು ರಿಪೇರಿಗಾರ ಜಾನ್ ಹಾರ್ವುಡ್, ಕೆಟ್ಟು ಬಂದ ಕೈಗಡಿಯಾರಗಳನ್ನು ಬಿಚ್ಚಿದಾಗಲೆಲ್ಲ ಕೀ ಗುಂಡಿಯ ತೂತಿನಿಂದ ಒಳನುಗ್ಗಿದ ಧೂಳು ಮತ್ತು ತೇವವೇ ಮುಖ್ಯ ಶತ್ರುಗಳೆಂದು ಕಂಡುಕೊಂಡ. ತೂತನ್ನೇ ಮುಚ್ಚಿಬಿಟ್ಟರೆ? ಆಗ ಕೀ ಕೊಡಲು ಬೇರೆ ದಾರಿ ಬೇಕು. 1924ರಲ್ಲಿ ಅವನಿಗೆ ಸ್ವಿಸ್ ಪೇಟೆಂಟ್ ಸಿಕ್ಕಿತು. ಅವನ ವಾಚಿಗೆ ಕೀ ಗುಂಡಿಯೇ ಇರಲಿಲ್ಲ. ಗಾಜಿನ ಸುತ್ತಲಿನ ಉಂಗುರ ತಿರುಗಿಸಿ ಮುಳ್ಳುಗಳನ್ನು ಸರಿಪಡಿಸಬೇಕಿತ್ತು. ಒಳಗೊಂದು ಲೋಹದ ತೂಕ ಅತ್ತಿತ್ತ ಓಲಾಡಿ, ಎರಡೂ ಕೊನೆಗಳಲ್ಲಿದ್ದ ಪುಟ್ಟ ಸ್ಪ್ರಿಂಗುಗಳಿಗೆ ಬಡಿದು ವಾಪಸಾಗುತ್ತಿತ್ತು. ಈ ಜಾತಿಯ ಯಂತ್ರಕ್ಕೆ ಸಂಗ್ರಾಹಕರು ಬಂಪರ್ ಎನ್ನುತ್ತಾರೆ. 1940ರ ದಶಕದ ಒಮೆಗಾ ಬಂಪರನ್ನು ಕೈಗೆ ಕಟ್ಟಿಕೊಂಡು ನಡೆದರೆ ಆ ಮೆಲ್ಲನೆಯ ಬಡಿತ ಚರ್ಮಕ್ಕೆ ತಾಗುತ್ತದೆ. ಯಂತ್ರಶಾಸ್ತ್ರದ ಲೆಕ್ಕದಲ್ಲಿ ಅದು ಕೊರತೆಯೇ. ಆದರೂ ಆ ಬಡಿತಕ್ಕಾಗಿಯೇ ಬಂಪರ್ ಹುಡುಕುವವರಿದ್ದಾರೆ. ಅವರ ಪಕ್ಷ ನನ್ನದು.

ಹಾರ್ವುಡ್ಡನ ಕಂಪನಿ 1930ರ ದಶಕದ ಆರ್ಥಿಕ ಕುಸಿತದಲ್ಲಿ ಮುಳುಗಿತು. ಅತ್ತ ರೋಲೆಕ್ಸ್ 1926ರಲ್ಲಿ ಆಯ್‌ಸ್ಟರ್ ಎಂಬ ನೀರು ಹೊಗದ ಕೇಸು ಮಾಡಿತ್ತು. ಅದರ ಕೀ ಗುಂಡಿಯನ್ನು ಬಾಟಲಿ ಮುಚ್ಚಳದಂತೆ ತಿರುಚಿ ಬಿಗಿಯಬೇಕು. ಆದರೆ ದಿನವೂ ಕೀ ಕೊಡಲು ಅದನ್ನು ದಿನವೂ ಬಿಚ್ಚಲೇಬೇಕಲ್ಲ! ಮತ್ತೆ ಬಿಗಿಯಲು ಮರೆತರೆ ನೀರು ಒಳಗೆ. 1931ರಲ್ಲಿ ರೋಲೆಕ್ಸ್ ಪೂರ್ತಿ 360 ಡಿಗ್ರಿ ತಿರುಗುವ ರೋಟರನ್ನು ಅದೇ ಕೇಸಿನೊಳಗೆ ಕೂರಿಸಿದಾಗ ಈ ಎರಡು ಸಮಸ್ಯೆಗಳೂ ಒಟ್ಟಿಗೆ ಬಗೆಹರಿದವು. ನೀರು ತಡೆಯುವ ಕೇಸಿಗೆ ಆಟೊಮ್ಯಾಟಿಕ್ ಬೇಕಿತ್ತು, ಆಟೊಮ್ಯಾಟಿಕ್‌ಗೆ ಭದ್ರ ಕೇಸು ಬೇಕಿತ್ತು. ಮುಂದೆ ರೋಲೆಕ್ಸ್ ತನ್ನ ಜಾಹೀರಾತೊಂದರಲ್ಲಿ ಹಾರ್ವುಡ್ಡನ ಹೆಸರನ್ನೇ ಬಿಟ್ಟಿತು, ಆಮೇಲೆ 1956ರಲ್ಲಿ ಪತ್ರಿಕೆಯಲ್ಲೇ ಕ್ಷಮೆ ಕೇಳಿತು. ವ್ಯಾಪಾರದ ಇತಿಹಾಸದಲ್ಲಿ ಇಂಥ ಕ್ಷಮೆಗಳು ಅಪರೂಪ.

ರೋಟರ್ ಎಂದರೆ ಅರ್ಧಚಂದ್ರಾಕಾರದ ಲೋಹದ ತುಂಡು, ನಡುವಿನ ಅಚ್ಚಿಗೆ ಸಿಕ್ಕಿಸಿದ್ದು. ಕೈ ಹೇಗೇ ಹೊರಳಲಿ, ಭಾರದ ಕಡೆ ಭೂಮಿಯತ್ತಲೇ ವಾಲುತ್ತದೆ. ರೋಟರ್ ತಿರುಗುತ್ತದೆ ಎಂದು ನಾವು ಹೇಳುತ್ತೇವಾದರೂ ಎಷ್ಟೋ ಸಲ ಅದು ಕೆಳಮುಖವಾಗಿ ಸುಮ್ಮನಿರುತ್ತದೆ, ಅದರ ಸುತ್ತ ತಿರುಗುವುದು ವಾಚು! ಅದರ ತಿರುಚುಬಲ ಎರಡೇ ಸಂಗತಿಗಳ ಮೇಲೆ ನಿಂತಿದೆ: ತೂಕ ಎಷ್ಟು ಮತ್ತು ಆ ತೂಕ ಅಚ್ಚಿನಿಂದ ಎಷ್ಟು ದೂರದಲ್ಲಿದೆ. ಆದ್ದರಿಂದಲೇ ರೋಟರಿನ ಅಂಚು ದಪ್ಪ, ನಡುಭಾಗ ತೆಳು. ಕೈಗಡಿಯಾರದ ಒಳಗೆ ಜಾಗ ಕಡಿಮೆ, ಹಾಗಾಗಿ ದೂರವನ್ನು ಹೆಚ್ಚಿಸುವಂತಿಲ್ಲ. ಉಳಿದ ದಾರಿ ಸಾಂದ್ರತೆ. ಒಂದು ಘನ ಸೆಂಟಿಮೀಟರ್ ಉಕ್ಕು 7.8 ಗ್ರಾಂ ತೂಗಿದರೆ 18 ಕ್ಯಾರಟ್ ಚಿನ್ನ 15 ಗ್ರಾಂ ಮೀರುತ್ತದೆ, ಟಂಗ್‌ಸ್ಟನ್ 19.3, ಪ್ಲಾಟಿನಂ 21.4. ಪಟೆಕ್ ಫಿಲಿಪ್ ತನ್ನ ಮೊದಲ ಆಟೊಮ್ಯಾಟಿಕ್ ಯಂತ್ರಕ್ಕೆ 1953ರಲ್ಲಿ ಚಿನ್ನದ ರೋಟರ್ ಹಾಕಿದ್ದು ಬರೀ ಶೋಕಿಗಲ್ಲ. ಅದರ ಹಿಂದಿನ ಮುಚ್ಚಳ ಲೋಹದ್ದು. ಕೆತ್ತನೆ ಮಾಡಿದ ಆ ಚಿನ್ನವನ್ನು ನೋಡುತ್ತಿದ್ದವನು ರಿಪೇರಿಗಾರ ಒಬ್ಬನೇ. ಅದಕ್ಕೂ ಬಹಳ ಹಿಂದೆ ಪ್ಯಾರಿಸ್ಸಿನ ಗಡಿಯಾರಕಾರ ಬ್ರೆಗೆ, ಮರೀ ಆಂತ್ವಾನೆತ್ ರಾಣಿಯ ಹೆಸರಿನಲ್ಲಿ 1783ರಲ್ಲಿ ಆದೇಶ ಬಂದ ಗಡಿಯಾರಕ್ಕೆ ಪ್ಲಾಟಿನಂ ತೂಕ ಹಾಕಿದ್ದ. ಅದು ಸಿದ್ಧವಾದದ್ದು 1827ರಲ್ಲಿ. ಅಷ್ಟರಲ್ಲಿ ರಾಣಿಯ ತಲೆ ಹೋಗಿ ಮೂವತ್ತನಾಲ್ಕು ವರ್ಷ, ಬ್ರೆಗೆ ತೀರಿಕೊಂಡು ನಾಲ್ಕು ವರ್ಷ ಕಳೆದಿದ್ದವು.

ಇಷ್ಟು ಚಿಕ್ಕ ತೂಕದಿಂದ ಯಂತ್ರ ಓಡುವುದಾದರೂ ಹೇಗೆ? ಕೈಗಡಿಯಾರದ ಹಸಿವು ತೀರಾ ಸಣ್ಣದು, ಮೈಕ್ರೋವಾಟ್‌ಗಳ ಲೆಕ್ಕದ್ದು. ಒಂದು ಮೈಕ್ರೋವಾಟ್ ದಿನವಿಡೀ ಸುರಿದರೆ 0.0864 ಜೂಲ್ ಆಗುತ್ತದೆ. ನೂರು ಗ್ರಾಂ ತೂಕವನ್ನು ಒಂಬತ್ತು ಸೆಂಟಿಮೀಟರ್ ಎತ್ತಲು ಹೆಚ್ಚೂಕಡಿಮೆ ಅಷ್ಟೇ ಶಕ್ತಿ ಸಾಕು. ಊಟ ಮಾಡುವಾಗ, ಬಾಗಿಲು ತೆಗೆಯುವಾಗ, ಜಗಳವಾಡುವಾಗ ಕೈ ಮಾಡುವ ಕೆಲಸ ಅದರ ಎಷ್ಟೋ ಪಟ್ಟು. ಅದರಲ್ಲಿ ಅತ್ಯಲ್ಪ ಪಾಲು ಸ್ಪ್ರಿಂಗಿಗೆ ತಲುಪಿದರೂ ವಾಚು ಓಡುತ್ತದೆ. ಹಾಗಾದರೆ ಕೈ ಬೀಸುತ್ತಲೇ ಇರುವವರ ಸ್ಪ್ರಿಂಗ್ ಬಿಗಿದು ಮುರಿಯುವುದಿಲ್ಲವೇ? ಇಲ್ಲ. ಸ್ಪ್ರಿಂಗಿನ ಹೊರತುದಿಯನ್ನು ಡಬ್ಬಿಯ ಗೋಡೆಗೆ ಕೊಕ್ಕೆ ಹಾಕದೆ ಬರೀ ಒತ್ತಿ ನಿಲ್ಲಿಸಿರುತ್ತಾರೆ. ತುಂಬಿದ ಮೇಲೆ ಅದು ಗೋಡೆಗುಂಟ ಜಾರುತ್ತದೆ. ಈ ಉಪಾಯಕ್ಕೆ ಪಟೆಕ್ ಫಿಲಿಪ್ ಕಂಪನಿಯ ಪಾಲುದಾರ ಆದ್ರಿಯಾಂ ಫಿಲಿಪ್ 1863ರಲ್ಲೇ ಪೇಟೆಂಟ್ ಪಡೆದಿದ್ದ. ಇದರಿಂದ ಇನ್ನೊಂದು ಲಾಭವೂ ಇದೆ. ಕೀ ಕೊಡುವ ವಾಚಿನ ಸ್ಪ್ರಿಂಗ್ ಬೆಳಿಗ್ಗೆ ಬಿಗಿ, ರಾತ್ರಿ ಸಡಿಲ. ನಡೆಯೂ ಅದಕ್ಕೆ ತಕ್ಕಂತೆ ಬದಲಾಗುತ್ತದೆ. ಆಟೊಮ್ಯಾಟಿಕ್‌ನಲ್ಲಿ ಸ್ಪ್ರಿಂಗ್ ಬಹುಪಾಲು ಸಮಯ ತುಂಬಿದ ಹತ್ತಿರದಲ್ಲೇ ಇರುವುದರಿಂದ ನಡೆ ಹೆಚ್ಚು ಸಮ.

1940 ಮತ್ತು 50ರ ದಶಕಗಳು ಈ ವಿದ್ಯೆಯ ಸುಗ್ಗಿಕಾಲ. ರೋಟರ್ ಎಡಕ್ಕೆ ತಿರುಗಲಿ ಬಲಕ್ಕೆ ತಿರುಗಲಿ, ಸ್ಪ್ರಿಂಗ್ ಒಂದೇ ದಿಕ್ಕಿಗೆ ಸುತ್ತಿಕೊಳ್ಳುವ ಏರ್ಪಾಟನ್ನು ಫೆಲ್ಸಾ ಕಂಪನಿ 1942ರಲ್ಲಿ ತಂದಿತು. ಎಟರ್ನಾ 1948ರಲ್ಲಿ ರೋಟರನ್ನು ಐದು ಪುಟಾಣಿ ಉಕ್ಕಿನ ಗುಂಡುಗಳ ಮೇಲೆ ಕೂರಿಸಿತು. ಆ ಐದು ಚುಕ್ಕೆಗಳೇ ಇಂದಿಗೂ ಅದರ ಲಾಂಛನ. ಶಾಫ್‌ಹೌಸನ್ನಿನ ಐಡಬ್ಲ್ಯುಸಿಯಲ್ಲಿ ಆಲ್ಬರ್ಟ್ ಪೆಲ್ಲಾಟನ್, ಚಕ್ರಗಳ ಬದಲು ಎರಡು ಕೊಕ್ಕೆಗಳು ಸರದಿಯಂತೆ ಎಳೆದು ಸುತ್ತುವ ವಿಧಾನ ಕಂಡುಹಿಡಿದ. ರೋಟರ್ ಯಂತ್ರದ ಬೆನ್ನ ಮೇಲೆ ಕೂತರೆ ವಾಚು ದಪ್ಪಗಾಗುತ್ತದೆ. ಹಾಗಾಗಿ ಬ್ಯೂರೆನ್ ಮತ್ತು ಯೂನಿವರ್ಸಲ್ ಜಿನೀವ್ ಕಂಪನಿಗಳು ರೋಟರನ್ನೇ ಕುಗ್ಗಿಸಿ ಯಂತ್ರದ ಹೊಟ್ಟೆಯೊಳಗೆ ಸೇರಿಸಿದವು. ಯೂನಿವರ್ಸಲ್ ಜಿನೀವ್‌ನ ಪೋಲ್‌ರೂಟರ್ ವಾಚಿನ ರೂಪ ಬರೆದವನು ಇಪ್ಪತ್ತರ ಹರೆಯದ ಜೆರಾಲ್ಡ್ ಜೆಂಟಾ. ಉತ್ತರ ಧ್ರುವದ ಮೇಲಿನಿಂದ ಹಾರುವ ಸ್ಕ್ಯಾಂಡಿನೇವಿಯನ್ ವಿಮಾನಗಳ ನೆನಪಿಗೆ ಅದು ಬಂದದ್ದು 1954ರಲ್ಲಿ. ನನ್ನ ದೃಷ್ಟಿಯಲ್ಲಿ ಹಣಕ್ಕೆ ತಕ್ಕ ವಿಜ್ಞಾನ ಬೇಕೆನ್ನುವವರಿಗೆ ಆ ಕಾಲದ ಎಟರ್ನಾ ಮತ್ತು ಪೋಲ್‌ರೂಟರ್‌ಗಳೇ ಸರಿಯಾದ ಆಯ್ಕೆ. ರೋಲೆಕ್ಸ್‌ಗೆ ಕೊಡುವ ಹಣದ ದೊಡ್ಡ ಪಾಲು ಹೆಸರಿಗೇ ಹೋಗುತ್ತದೆ.

ಯಂತ್ರದ ಎದೆಬಡಿತ ಇರುವುದು ಬ್ಯಾಲೆನ್ಸ್ ಚಕ್ರದಲ್ಲಿ. ಕೂದಲಿನಂಥ ಸ್ಪ್ರಿಂಗ್ ಅದನ್ನು ಅತ್ತಿತ್ತ ತೂಗುತ್ತದೆ. ಆ ಕಾಲದ ಬಹುಪಾಲು ವಾಚುಗಳು ಗಂಟೆಗೆ 18,000 ಸಲ ಮಿಡಿಯುತ್ತಿದ್ದವು. ದಿನಕ್ಕೆ 4,32,000, ವರ್ಷಕ್ಕೆ 15 ಕೋಟಿಗೂ ಮಿಕ್ಕಿ. ಸಾಮಾನ್ಯ ಉಕ್ಕಿನ ಸ್ಪ್ರಿಂಗ್ ಬಿಸಿಲಿಗೆ ಮೆತ್ತಗಾಗುತ್ತದೆ: ಒಂದೊಂದು ಡಿಗ್ರಿ ಏರಿದಂತೆ ವಾಚು ದಿನಕ್ಕೆ ಸುಮಾರು ಹತ್ತು ಸೆಕೆಂಡು ಹಿಂದೆ ಬೀಳುತ್ತದೆ. ಇದಕ್ಕೆ ಮದ್ದು ಕಂಡವನು ಗಡಿಯಾರದವರ ಸೀಮೆಯಲ್ಲೇ, ಜೂರಾ ಬೆಟ್ಟಗಳ ಫ್ಲೂರಿಯೆ ಊರಿನಲ್ಲಿ ಹುಟ್ಟಿದ ಶಾರ್ಲ್ ಎದುವಾರ್ ಗಿಯೋಮ್. ನಿಕ್ಕಲ್ ಮತ್ತು ಉಕ್ಕಿನ ಮಿಶ್ರಲೋಹಗಳು ಬಿಸಿಯಾದಾಗ ವಿಚಿತ್ರವಾಗಿ ವರ್ತಿಸುವುದನ್ನು ಅವನು ಅಭ್ಯಾಸ ಮಾಡಿದ. ಬಿಸಿಗೆ ಹಿಗ್ಗದ ಇನ್ವಾರ್, ಬಿಸಿಗೆ ಬಿಗುವು ಕಳೆಯದ ಎಲಿನ್ವಾರ್ ಅದರ ಫಲ. 1920ರ ಭೌತವಿಜ್ಞಾನ ನೊಬೆಲ್ ಅವನಿಗೆ ಸಂದಿತು. ಮರುವರ್ಷದ ಬಹುಮಾನ ಐನ್‌ಸ್ಟೈನ್‌ಗೆ. 1930ರ ದಶಕದಲ್ಲಿ ಬಂದ ನಿವಾರಾಕ್ಸ್ ಎಂಬ ಮಿಶ್ರಲೋಹ ಈ ವಂಶದ ಕುಡಿ, ನಾವು ಮಾತಾಡುತ್ತಿರುವ ವಾಚುಗಳ ಪೈಕಿ ಹೆಚ್ಚಿನವುಗಳಲ್ಲಿ ಇರುವುದು ಅದೇ. ಬೆಂಗಳೂರಿನ ಚಳಿಗೂ ಕಲಬುರಗಿಯ ಬೇಸಿಗೆಗೂ ಒಂದೇ ವಾಚು ಸಾಕಾಗಿರುವುದು ಗಿಯೋಮನ ಕೃಪೆ.

ಹೀಗೆ ಎರಡು ಶತಮಾನ ಕೂಡಿಟ್ಟ ಜಾಣ್ಮೆಯನ್ನು ಒಂದು ಹರಳು ಸೋಲಿಸಿತು. 1969ರ ಡಿಸೆಂಬರ್ 25ರಂದು ಜಪಾನಿನ ಸೀಕೊ ಮೊದಲ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರಾಟಕ್ಕಿಟ್ಟಿತು. ಸೆಕೆಂಡಿಗೆ ಐದು ಸಲ ಮಿಡಿಯುವ ಯಂತ್ರಕ್ಕೆ ಎದುರಾಗಿ ಸೆಕೆಂಡಿಗೆ ಸಾವಿರಾರು ಸಲ ಕಂಪಿಸುವ ಹರಳು. 1970ರಲ್ಲಿ ಸುಮಾರು 90,000 ಇದ್ದ ಸ್ವಿಸ್ ಗಡಿಯಾರ ಉದ್ಯೋಗಿಗಳ ಸಂಖ್ಯೆ 1980ರ ದಶಕದ ನಡುಹೊತ್ತಿಗೆ 30,000ದ ಆಸುಪಾಸಿಗೆ ಇಳಿಯಿತು. ಚಿನ್ನದ ಬೆಲೆ ಏರಿದಾಗ ಎಷ್ಟೋ ಒಳ್ಳೆಯ ವಾಚುಗಳ ಕೇಸು ಕರಗಿಹೋಯಿತು. ಲ ಲೋಕ್ಲ್‌ನ ಜೆನಿತ್ ಕಾರ್ಖಾನೆಯಲ್ಲಿ 1975ರಲ್ಲಿ ಅಮೆರಿಕನ್ ಮಾಲೀಕರು ಯಂತ್ರದ ವಾಚು ನಿಲ್ಲಿಸಿ, ಸಲಕರಣೆ ಗುಜರಿಗೆ ಹಾಕಿ ಎಂದರು. ಶಾರ್ಲ್ ವೆರ್ಮೋ ಎಂಬ ಕೆಲಸಗಾರ ಗಂಟೆಗೆ 36,000 ಮಿಡಿತದ ಎಲ್ ಪ್ರಿಮೇರೋ ಯಂತ್ರದ ಅಚ್ಚುಗಳನ್ನೂ ಸಲಕರಣೆಗಳನ್ನೂ ಯಾರಿಗೂ ತಿಳಿಯದಂತೆ ಅಟ್ಟಕ್ಕೆ ಸಾಗಿಸಿ ಬಚ್ಚಿಟ್ಟ. ಯಾವುದು ಎಲ್ಲಿದೆ ಎಂದು ಬರೆದೂ ಇಟ್ಟ. 1980ರ ದಶಕದಲ್ಲಿ ಬೇಡಿಕೆ ಮರಳಿದಾಗ ಕಂಪನಿ ಎದ್ದು ನಿಂತದ್ದು ಆ ಅಟ್ಟದಿಂದ. ಆಮೇಲೆ ರೋಲೆಕ್ಸ್ ಕೂಡ ತನ್ನ ಡೇಟೋನಾ ವಾಚಿಗೆ ಅದೇ ಯಂತ್ರವನ್ನು ಕೊಂಡಿತು.

ಇನ್ನು ಮುಪ್ಪಿನ ವಿಚಾರ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

ಕತ್ತಲಲ್ಲಿ ಹೊಳೆಯುವ ಅಂಕಿಗಳಿಗೆ 1960ರ ಸುಮಾರಿನವರೆಗೆ ಬಳಸುತ್ತಿದ್ದದ್ದು ರೇಡಿಯಂ. ಸತುವಿನ ಸಲ್ಫೈಡಿಗೆ ಚೂರು ರೇಡಿಯಂ ಬೆರೆಸಿದರೆ, ಅದರ ವಿಕಿರಣ ತಾಗಿ ಸಲ್ಫೈಡಿನ ಹರಳುಗಳು ಹಗಲು ರಾತ್ರಿ ಹಸಿರಾಗಿ ಮಿನುಗುತ್ತವೆ. ಅಮೆರಿಕದ ನ್ಯೂಜೆರ್ಸಿಯ ಆರೆಂಜ್ ಊರಿನಲ್ಲಿ ಈ ಬಣ್ಣ ಹಚ್ಚುತ್ತಿದ್ದ ಹುಡುಗಿಯರಿಗೆ ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಳ್ಳಲು ಹೇಳಿಕೊಟ್ಟಿದ್ದರು. ರೇಡಿಯಂ ರಸಾಯನದಲ್ಲಿ ಕ್ಯಾಲ್ಸಿಯಂನ ಬಂಧು. ದೇಹ ಅದನ್ನು ಮೂಳೆಗೆ ಕೊಂಡೊಯ್ದು ಕೂಡಿಡುತ್ತದೆ. ದವಡೆ ಕೊಳೆತು, ಮೂಳೆ ಮುರಿದು ಅವರಲ್ಲಿ ಹಲವರು ಸತ್ತರು. ಅಲ್ಲಿ ಬಣ್ಣ ಹಚ್ಚುತ್ತಿದ್ದ ಗ್ರೇಸ್ ಫ್ರಯರ್ ಮತ್ತು ನಾಲ್ವರು ಗೆಳತಿಯರು ಹೂಡಿದ ಮೊಕದ್ದಮೆ 1928ರಲ್ಲಿ ರಾಜಿಯಲ್ಲಿ ಮುಗಿಯಿತು. ಕಾರ್ಮಿಕರ ಆರೋಗ್ಯದ ಕಾನೂನಿನ ಚರಿತ್ರೆಯಲ್ಲಿ ಅದಕ್ಕೆ ದೊಡ್ಡ ಸ್ಥಾನವಿದೆ. ಸ್ವಿಟ್ಜರ್ಲೆಂಡಿನಲ್ಲಿ ಈ ಕೆಲಸ ಮನೆಮನೆಗಳಲ್ಲೂ ನಡೆಯುತ್ತಿತ್ತು. ಬಣ್ಣ ಹಚ್ಚಿದವರು ಹೋಗಿ ಎಷ್ಟೋ ಕಾಲವಾದ ಮೇಲೆ, 2015ರಲ್ಲಿ, ಅಲ್ಲಿನ ಸರ್ಕಾರ ಬೀಲ್ ಮತ್ತು ಲಾ ಶೋದ ಫೋಂ ಮುಂತಾದ ಊರುಗಳ ಹಳೆಯ ಮನೆಗಳಲ್ಲಿ ರೇಡಿಯಂ ಹುಡುಕಿ ತೆಗೆಯುವ ಯೋಜನೆಯನ್ನೇ ಹಾಕಿಕೊಳ್ಳಬೇಕಾಯಿತು.

ಈಗ ಆ ಕಾಲದ ವಾಚನ್ನು ಕತ್ತಲಲ್ಲಿ ಹಿಡಿದರೆ ಏನೂ ಹೊಳೆಯುವುದಿಲ್ಲ. ರೇಡಿಯಂ ಸತ್ತಿದೆ ಎಂದು ಅನೇಕರು ತಿಳಿಯುತ್ತಾರೆ. ಲೆಕ್ಕ ಬೇರೆಯೇ ಹೇಳುತ್ತದೆ. ಅದರ ಅರ್ಧಾಯುಷ್ಯ 1,600 ವರ್ಷ. ಎಪ್ಪತ್ತು ವರ್ಷದಲ್ಲಿ ಕಳೆದದ್ದು ಶೇಕಡ 3 ಮಾತ್ರ. ಸತ್ತಿರುವುದು ಸತುವಿನ ಸಲ್ಫೈಡ್. ಬಿಡದೆ ಬಡಿದ ವಿಕಿರಣಕ್ಕೆ ಅದರ ಹರಳುಗಳ ಕಟ್ಟು ಹಾಳಾಗಿದೆ. ಹೊಳಪು ಹೋಗಿದೆ, ವಿಷ ಹಾಗೇ ಇದೆ. 1960ರ ದಶಕದಲ್ಲಿ ರೇಡಿಯಂ ಬದಲಿಗೆ ಟ್ರಿಟಿಯಂ ಬಂತು. ಡಯಲಿನ ಕೆಳತುದಿಯಲ್ಲಿ ಸ್ವಿಸ್ ಎಂಬ ಪದದ ಆಚೀಚೆ ಟಿ ಅಕ್ಷರವಿದ್ದರೆ ಅದೇ ಗುರುತು. ಇದರ ಅರ್ಧಾಯುಷ್ಯ ಹನ್ನೆರಡು ವರ್ಷಕ್ಕೆ ತುಸು ಹೆಚ್ಚು. 1965ರ ವಾಚಿನಲ್ಲಿ ಅರವತ್ತು ವರ್ಷಕ್ಕೆ ಉಳಿಯುವುದು ಶೇಕಡ 3ರಿಂದ 4. ಅದರ ಕಿರಣ ಗಾಜನ್ನೂ ದಾಟಲಾರದು.

ಅಸಲಿ ಯಾವುದು ನಕಲಿ ಯಾವುದು ಎಂದು ತಿಳಿಯಲು ಸಂಗ್ರಾಹಕರಿಗೆ ನೆರವಾಗುವುದು ಇದೇ ಭೌತವಿಜ್ಞಾನ. ವಾಚು ದಶಕಗಳ ಕಾಲ ಪೆಟ್ಟಿಗೆಯಲ್ಲಿ ನಿಂತಿದ್ದರೆ, ಮುಳ್ಳಿನ ಮೇಲಿನ ರೇಡಿಯಂ ತನ್ನ ಕೆಳಗಿನ ಡಯಲನ್ನು ಸುಟ್ಟು ನೆರಳಿನಂಥ ಕಂದು ಕಲೆ ಮೂಡಿಸುತ್ತದೆ. ಕುಂಚದಲ್ಲಿ ಅದನ್ನು ಬರೆಯುವುದು ಸುಲಭವಲ್ಲ. ಗೈಗರ್ ಕೌಂಟರ್ ಹಿಡಿದರೆ ರೇಡಿಯಂ ಡಯಲ್ ಕಿಟಕಿಟ ಸದ್ದು ಹೊರಡಿಸುತ್ತದೆ. ಅಂಕಿಗಳಲ್ಲಿ ರೇಡಿಯಂ ಇದ್ದು ಮುಳ್ಳುಗಳಲ್ಲಿ ಇಲ್ಲವೆಂದರೆ ಮುಳ್ಳುಗಳನ್ನೋ ಅವುಗಳ ಬಣ್ಣವನ್ನೋ ಬದಲಿಸಿರಬಹುದು. ನೇರಳಾತೀತ ಟಾರ್ಚಿನ ಬೆಳಕು ಬಿಟ್ಟು ಆರಿಸಿದ ಮೇಲೂ ಅಂಕಿಗಳು ಬಹಳ ಹೊತ್ತು ಹಸಿರಾಗಿ ಹೊಳೆಯುತ್ತಿದ್ದರೆ, 1950ರದೆಂದು ಮಾರುತ್ತಿರುವ ಆ ವಾಚಿಗೆ ಇತ್ತೀಚಿನ ಬಣ್ಣ ಹಚ್ಚಿದ್ದಾರೆ. ಇಷ್ಟಕ್ಕೂ ಬೇಕಾದ ಉಪಕರಣದ ಬೆಲೆ ವಾಚಿನ ಚರ್ಮದ ಪಟ್ಟಿಗಿಂತ ಕಡಿಮೆ. (ಗೈಗರ್ ಕೌಂಟರ್ ಬಿಟ್ಟು!)

ಕಪ್ಪು ಡಯಲುಗಳ ಕಥೆ ಇನ್ನೂ ಸ್ವಾರಸ್ಯದ್ದು. ಕೆಲವು ಕಾಲದ ಕಪ್ಪು ಲೇಪನಗಳು ಬಿಸಿಲು ಮತ್ತು ತೇವಕ್ಕೆ ತಾಳದೆ ಮೆಲ್ಲಗೆ ಕಂದಾದವು. ಕಾರ್ಖಾನೆಯ ಲೆಕ್ಕದಲ್ಲಿ ಅದು ದೋಷ. ಅಂದಿನ ಗಿರಾಕಿಗಳು ದೂರು ಕೊಟ್ಟು ಹೊಸ ಡಯಲ್ ಹಾಕಿಸಿಕೊಂಡರು. ಹಾಗೆ ಬದಲಾಗದೆ ಉಳಿದವು ಕೆಲವೇ, ಅವಕ್ಕೆ ಇಂದು ಟ್ರಾಪಿಕಲ್ ಎಂಬ ಬಿರುದು, ಹಲವು ಪಟ್ಟು ಬೆಲೆ. ಬೆಲೆ ಏರಿದ ಕಡೆ ಕೈಚಳಕವೂ ಬರುತ್ತದೆ. 2021ರ ನವೆಂಬರ್‌ನಲ್ಲಿ ಜಿನೀವಾದ ಹರಾಜಿನಲ್ಲಿ 1957ರದೆನ್ನಲಾದ, ಕಂದು ಡಯಲಿನ ಒಮೆಗಾ ಸ್ಪೀಡ್‌ಮಾಸ್ಟರ್ 31 ಲಕ್ಷ ಫ್ರಾಂಕ್‌ಗೂ ಮೀರಿ ಹೋಯಿತು. ಅದು ಕೀ ಕೊಡುವ ವಾಚು, ನಮ್ಮ ಜಾತಿಯದಲ್ಲ. ಆದರೂ ಪಾಠ ನಮ್ಮದೇ. ಕೊಂಡದ್ದು ಸ್ವತಃ ಒಮೆಗಾ, ತನ್ನ ವಸ್ತುಸಂಗ್ರಹಾಲಯಕ್ಕಾಗಿ. 2023ರಲ್ಲಿ ಸತ್ಯ ಹೊರಬಿತ್ತು. ಬೇರೆ ಬೇರೆ ವಾಚುಗಳ ಭಾಗಗಳನ್ನು ಜೋಡಿಸಿದ ಹೊಲಿಗೆ ಅದು, ಇದರಲ್ಲಿ ತನ್ನ ಮೂವರು ಮಾಜಿ ನೌಕರರ ಕೈವಾಡವಿದೆ ಎಂದು ಒಮೆಗಾ ಹೇಳಿತು. ತಾನು ಮಾಡಿದ ವಾಚನ್ನು ತಾನೇ ಗುರುತಿಸಲಾರದಷ್ಟು ನಾಜೂಕಾದ ಹೊಲಿಗೆ!

ಭಾರತದ ಪೇಟೆಯ ಜಾಡ್ಯ ಇದಕ್ಕಿಂತ ಒರಟು. ಸ್ವಿಸ್ ವಾಚಿನ ಫಾವ್ರ್ ಲೂಬಾ ಕಂಪನಿ ಮುಂಬಯಿಗೆ ಬಂದದ್ದು 1865ರಲ್ಲಿ. ವೆಸ್ಟ್ ಎಂಡ್ ವಾಚ್ ಕಂಪನಿಯೂ ಅಲ್ಲೇ ಬೇರೂರಿ ರೈಲು ಮತ್ತು ಸೈನ್ಯದ ನೌಕರರ ಕೈಗೇರಿತು. 1961ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಜಪಾನಿನ ಸಿಟಿಜನ್ ನೆರವಿನಿಂದ ಎಚ್‌ಎಂಟಿ ವಾಚು ತಯಾರಾಗುವವರೆಗೂ ಕನ್ನಡದ ಮಧ್ಯಮವರ್ಗದ ಮದುವೆ ಗಂಡಿಗೆ ಸ್ವಿಸ್ ವಾಚೇ ಗತಿ. ಆ ಹಳೆಯ ಯಂತ್ರಗಳನ್ನು ಈಗ ರಾಶಿಯಾಗಿ ಕೊಂಡು, ಡಯಲ್ ಒರೆಸಿ ಹೊಸ ಬಣ್ಣ ಬಳಿದು, ಕೆಂಪು ಹಳದಿ ನೀಲಿ ಮುಖಗಳಲ್ಲಿ ವಿದೇಶಕ್ಕೆ ಮಾರುವ ದಂಧೆಯಿದೆ. ಅದಕ್ಕೆ ಮುಂಬಯಿ ಸ್ಪೆಷಲ್ ಎಂಬ ಅಡ್ಡಹೆಸರು ಲೋಕಕ್ಕೆಲ್ಲ ಗೊತ್ತು. ಗುರುತು ಹಿಡಿಯುವುದು ಸುಲಭ: ಮಸೂರದಡಿ ನೋಡಿದರೆ ಅಕ್ಷರಗಳ ಅಂಚು ಒರಟು, ನಿಮಿಷದ ಗೆರೆಗಳು ಅಂಕಿಗಳಿಗೆ ನೆಟ್ಟಗಿಲ್ಲ, ಆ ಕಂಪನಿ ಎಂದೂ ಬಳಸದ ಬಣ್ಣ. ಬಡ ಕಸುಬುದಾರನ ಹೊಟ್ಟೆಪಾಡನ್ನು ನಾನು ಜರಿಯಲಾರೆ. ಆದರೆ ಒಮ್ಮೆ ಒರೆಸಿದ ಡಯಲ್ ಮತ್ತೆ ಬರುವುದಿಲ್ಲ.

ಕೇಸಿಗೂ ಇದೇ ಮಾತು. ಪ್ರತಿ ಸಲ ಪಾಲಿಶ್ ಚಕ್ರಕ್ಕೆ ಹಿಡಿದಾಗ ಲೋಹದ ಒಂದು ಪದರ ಹಾರಿಹೋಗುತ್ತದೆ. ಪಟ್ಟಿ ಸಿಕ್ಕಿಸುವ ಕಿವಿಗಳ ಚೂಪು ಅಂಚು ಸಾಬೂನಿನಂತೆ ಸವೆಯುತ್ತದೆ. ಗೀರುಗಳಿರುವ ಕೇಸೇ ಒಳ್ಳೆಯದು.

ಒಳಗಿನ ಯಂತ್ರದ ವಿಷಯದಲ್ಲಿ ಮಾತ್ರ ಈ ಮಡಿ ಸಲ್ಲದು. ಹಳೆಯ ಎಣ್ಣೆ ಗಾಳಿ ತಾಗಿ ಅಂಟಾಗುತ್ತದೆ, ಒಣಗುತ್ತದೆ. ಒಣಗಿದ ಯಂತ್ರವನ್ನು ಓಡಿಸಿದರೆ ಉಕ್ಕು ಉಕ್ಕನ್ನೇ ತಿನ್ನುತ್ತದೆ. ಬಳಸದ ವಾಚುಗಳನ್ನು ಮೋಟಾರಿನ ಪೆಟ್ಟಿಗೆಯಲ್ಲಿ ಕೂರಿಸಿ ಹಗಲು ರಾತ್ರಿ ತಿರುಗಿಸುವ ಸಿರಿವಂತರಿದ್ದಾರೆ. ಬೇಡದ ಸವೆತಕ್ಕೆ ಕರೆಂಟು ಬಿಲ್ಲನ್ನೂ ಕಟ್ಟುವ ಬುದ್ಧಿವಂತಿಕೆ ಅದು. ವಾಚು ಇದ್ದಕ್ಕಿದ್ದಂತೆ ದಿನಕ್ಕೆ ಹಲವು ನಿಮಿಷ ಮುಂದೆ ಓಡತೊಡಗಿದರೆ ಗಾಬರಿ ಬೇಡ. ಕೂದಲೆಳೆ ಸ್ಪ್ರಿಂಗಿನ ಸುರುಳಿಗಳು ಕಾಂತಗೊಂಡು ಒಂದಕ್ಕೊಂದು ಅಂಟಿರಬಹುದು. ಫೋನಿನ ಸ್ಪೀಕರ್, ಕೈಚೀಲದ ಕಾಂತದ ಗುಂಡಿ ಸಾಕು ಅದಕ್ಕೆ. ರಿಪೇರಿಯವರು ಕಾಂತ ಕಳೆಯುವ ಚಿಕ್ಕ ಉಪಕರಣದಿಂದ ಕ್ಷಣದಲ್ಲಿ ಸರಿಪಡಿಸುತ್ತಾರೆ. ನೀರಿನ ವಿಷಯದಲ್ಲಿ ಹಳೆಯ ಕೇಸಿನ ಮೇಲೆ ಕೆತ್ತಿದ ಭರವಸೆಯನ್ನು ನಂಬಬೇಡಿ. ಒಳಗಿನ ರಬ್ಬರ್ ಎಂದೋ ಪುಡಿಯಾಗಿರುತ್ತದೆ.

ನಿಮ್ಮ ಮನೆಯ ಬೀರುವಿನಲ್ಲಿ ಅಜ್ಜನದೋ ಮಾವನದೋ ಹಳೆಯ ಸ್ವಿಸ್ ಆಟೊಮ್ಯಾಟಿಕ್ ಇದ್ದರೆ, ನಡೆಯುತ್ತದೋ ನೋಡೋಣವೆಂದು ಅಲ್ಲಾಡಿಸಬೇಡಿ. ಅಂಕಿಗಳ ಮೇಲೆ ಹಳೆಯ ದಪ್ಪ ಹಳದಿ ಬಣ್ಣವಿದ್ದರೆ ಹಿಂದಿನ ಮುಚ್ಚಳವನ್ನಾಗಲಿ ಗಾಜನ್ನಾಗಲಿ ಮನೆಯಲ್ಲಿ ಬಿಚ್ಚಬೇಡಿ. ಉದುರುವ ಪುಡಿ ಉಸಿರಿನೊಂದಿಗೆ ಒಳಹೋದರೆ ಮೂಳೆಯಲ್ಲಿ ನೆಲೆಯೂರುತ್ತದೆ. ಹಳೆಯ ಕಸುಬು ಬಲ್ಲ ರಿಪೇರಿಯವರಲ್ಲಿಗೆ ಒಯ್ದು ಡಯಲಿನ ಬಣ್ಣದ ವಿಷಯ ಮೊದಲೇ ತಿಳಿಸಿ, ಯಂತ್ರ ತೊಳೆದು ಎಣ್ಣೆ ಹಾಕಿಸಿ. ಡಯಲನ್ನು ಮುಟ್ಟಬಾರದು, ಕೇಸಿಗೆ ಪಾಲಿಶ್ ಹಾಕಬಾರದು, ಬದಲಿಸಿದ ಹಳೆಯ ಭಾಗಗಳನ್ನು ಪೊಟ್ಟಣ ಕಟ್ಟಿ ಹಿಂದಿರುಗಿಸಬೇಕು ಎಂದು ಚೀಟಿಯಲ್ಲೇ ಬರೆಸಿಕೊಳ್ಳಿ.